ಮಸಾರಿ ಸೀಮೆಯ ಹೆಪ್ಪು

ಹೊನ್ನವ್ವ ಹರಿವಾಣದ ಮೇಲಿನ ಒದ್ದೆ ಬಟ್ಟೆಯನ್ನು ಮೆಲ್ಲಗೆ ಸರಿಸಿದಳು. ಅತ್ತೆ ತಂಗೆವ್ವ ಗಡಿಗೆಯೊಳಕ್ಕೆ ಸೌಟು ಇಳಿಸಿ ಒಂದಿಷ್ಟು ಕಪ್ಪು ಮಣ್ಣು ತೆಗೆದಳು. ಹರಿವಾಣದ ತುಂಬ ಕೆಂಪು ಮಣ್ಣು. ಅದರ ನಡುವೆ ಬೆರಳಿನಿಂದ ಗುಳಿ ತೋಡಿ, ಸೌಟಿನಲ್ಲಿದ್ದುದನ್ನು ಅಲ್ಲಿಟ್ಟು, ಕೂಸಿಗೆ ಕೌದಿ ಹೊದಿಸುವ ಹಾಗೆ ಸುತ್ತಲಿನ ಮಣ್ಣನ್ನು ಅದರ ಮೇಲೆ ಎಳೆದಳು. ಇಬ್ಬರೂ ಸೆರಗನ್ನು ಬಾಯಿಗೆ ಕಟ್ಟಿಕೊಂಡಿದ್ದರು. ಹೊನ್ನವ್ವ ಉಗುರುಬೆಚ್ಚಗಿನ ನೀರು ಚಿಮುಕಿಸಿದಳು, ಬಟ್ಟೆ ಹೊದಿಸಿದಳು, ತಗಡಿನ ಮುಚ್ಚಳ ಹಾಕಿದಳು. ಆಮೇಲೆ ಮುಂದಿನ ಹರಿವಾಣ. ಕೊನೆಯದೂ ಮುಗಿದ ಮೇಲೆ ತಂಗೆವ್ವ ಸೌಟಿನಿಂದ ಮುಚ್ಚಳಕ್ಕೆ ಟಣ್ ಎಂದು ಬಡಿದಳು. ಇನ್ನು ಮಾತಾಡಬಹುದು ಎಂದು ಅದರ ಅರ್ಥ.

ಆದರೆ ಇವತ್ತು ಮುಚ್ಚಳ ಬಡಿದ ಮೇಲೂ ಮಾತು ಹುಟ್ಟಲಿಲ್ಲ. ತಂಗೆವ್ವ ಸೆರಗು ಬಿಚ್ಚಿ, ಸೌಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಹೊನ್ನವ್ವ ಅತ್ತೆಯ ಮೂಗನ್ನೇ ನೋಡುತ್ತಿದ್ದಳು.

"ಏನ ನೋಡ್ತೀ? ನನ್ನ ಮೂಗ ಇವತ್ತ ಹೊಸದಾಗಿ ಮೂಡೇತೇನು?"

"ಇಲ್ರಿ ಅತ್ತಿ. ವಾಸನಿ ಬಂತೇನ್ರಿ?"

"ಬಂತು," ಎಂದಳು ತಂಗೆವ್ವ. ಸೌಟು ತೊಳೆದು ಗೂಟಕ್ಕೆ ಸಿಕ್ಕಿಸಿ ಬಂದ ಮೇಲೆ, "ನನಗ ನೆಗಡಿ ಆಗೇತಿ," ಎಂದಳು.

ತಂಗೆವ್ವನಿಗೆ ನೆಗಡಿ ಆಗಿರಲಿಲ್ಲ.

ಮಂಗಳ ಗ್ರಹವನ್ನು ಅಲ್ಲಿ ಬಾಳುವವರು ಯಾರೂ ಮಂಗಳ ಎನ್ನುತ್ತಿರಲಿಲ್ಲ. ನೆಲ ಹದ ಮಾಡಲು ಮೊದಲು ಬಂದವರು ರೋಣ, ನರಗುಂದದ ಕಡೆಯ ಎರೆ ಹೊಲದವರು. ಹುಟ್ಟಿದಾಗಿನಿಂದ ಕಪ್ಪು ಮಣ್ಣು ತುಳಿದವರು. ಇಲ್ಲಿ ಇಳಿದು ನೋಡಿದರೆ ಕಣ್ಣು ಹೋದಷ್ಟೂ ಕೆಂಪು. ಅವರ ಕಡೆ ಕೆಂಪು ನೆಲಕ್ಕೆ ಮಸಾರಿ ಎನ್ನುತ್ತಾರೆ. "ಇದೇನಪಾ, ಎತ್ತ ನೋಡಿದ್ರೂ ಬರೇ ಮಸಾರಿ!" ಎಂದು ಯಾರೋ ಹಣೆ ಬಡಿದುಕೊಂಡರಂತೆ. ಅದೇ ಗ್ರಹದ ಹೆಸರಾಯಿತು.

ಮಸಾರಿಯ ಮಣ್ಣಿನಲ್ಲಿ ಒಂದು ಉಪ್ಪು ಇದೆ. ಊಟದ ಉಪ್ಪಲ್ಲ, ಮನುಷ್ಯರ ಮೈಗೆ ಒಗ್ಗದ, ಬೆಳೆ ಏಳಗೊಡದ ವಿಷದ ಉಪ್ಪು. ಆ ಉಪ್ಪನ್ನೇ ತಿಂದು, ನಾವು ಉಸಿರಾಡುವ ಗಾಳಿಯನ್ನು ಹೊರಗೆ ಬಿಡುವ ಸೂಕ್ಷ್ಮಜೀವಿಗಳನ್ನು ಭೂಮಿಯ ಪ್ರಯೋಗಾಲಯದಲ್ಲಿ ಸಾಕಿ ತಂದಿದ್ದರು. ಅವು ಕೂಡಿರುವ ಒಂದು ಹಿಡಿ ಮಣ್ಣನ್ನು ಕೆಂಪು ಮಣ್ಣಿಗೆ ಸೇರಿಸಿ, ಬೆಚ್ಚಗೆ ಮುಚ್ಚಿಟ್ಟು, ಆಮೇಲೆ ಬೆಳಕಿಂಡಿಯ ಕೆಳಗಿಟ್ಟರೆ ಇಡೀ ಹರಿವಾಣ ಕಪ್ಪಗೆ, ಮೆತ್ತಗೆ ಆಗುತ್ತದೆ. ಮೊದಲ ಮಳೆ ಬಿದ್ದ ಹೊಲದ ವಾಸನೆ ಏಳುತ್ತದೆ. ಅದರಲ್ಲಿ ಜೋಳ ಬೆಳೆಯಬಹುದು, ಅದು ಬಿಟ್ಟ ಗಾಳಿಯಲ್ಲಿ ಮಂದಿ ಬದುಕಬಹುದು. ಅದರಿಂದ ಒಂದು ಹಿಡಿ ತೆಗೆದಿಟ್ಟರೆ ಮುಂದಿನ ಹರಿವಾಣಕ್ಕಾಯಿತು. ವಿಜ್ಞಾನಿಗಳು ಇದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಅಡುಗೆಮನೆ ಕಂಡವರಿಗೆ ಅದು ಬೇಕಾಗಲಿಲ್ಲ. ಇದು ಹೆಪ್ಪು, ಹಾಲಿಗೆ ಹಾಕುವ ಬದಲು ಮಣ್ಣಿಗೆ ಹಾಕುವುದು, ಅಷ್ಟೇ.

ಹೆಪ್ಪಿನ ಜೊತೆ ಹೆಪ್ಪಿನ ಕಟ್ಟಳೆಗಳೂ ಬಂದವು. ಹೆಪ್ಪು ತೆಗೆಯುವಾಗ ಮಾತಾಡಬಾರದು. ಬಾಯಿಯ ಕ್ರಿಮಿಗಳು ಮಣ್ಣಿಗೆ ಬಿದ್ದರೆ ಕೆಡುತ್ತದೆ ಎಂದು ಪ್ರಯೋಗಾಲಯದವರು ಹೇಳಿದ್ದು; ಮಾತಾಡಿದರೆ ಹೆಪ್ಪು ನೀರೊಡೆಯುತ್ತದೆ ಎಂದು ಹೆಂಗಸರು ನಂಬಿದ್ದು. ಹಾಗಾಗಿ ಯಾರಾದರೂ ಬಟ್ಟಲು ಹಿಡಿದು ಬಂದು ಹೆಪ್ಪು ಕೇಳಿದರೆ, ಕೊಡುವವರು ಹೂಂ ಅನ್ನುತ್ತಿರಲಿಲ್ಲ. ಕೇಳಿದ ಕ್ಷಣದಿಂದಲೇ ಬಾಯಿ ಮುಚ್ಚಿ, ಎದ್ದು ಗಡಿಗೆಯ ಕಡೆ ಹೋಗುತ್ತಿದ್ದರು. ಇಲ್ಲ ಎನ್ನುವವರು ಮಾತ್ರ ಬಾಯಿ ತೆರೆಯುತ್ತಿದ್ದರು. ಎರಡನೆಯದು, ಕೇಳದೆ ಕೊಟ್ಟ ಹೆಪ್ಪು ಕೂಡುವುದಿಲ್ಲ. ಮತ್ತೊಂದು, ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಕೊಡಲೂ ಬಾರದು. ಸಂಜೆಯ ಚಳಿಗೆ ಒಯ್ಯುವ ದಾರಿಯಲ್ಲೇ ಹೆಪ್ಪು ಸಾಯುತ್ತಿದ್ದ ಕಾಲದಲ್ಲಿ ಅದಕ್ಕೂ ಅರ್ಥವಿತ್ತು. ಅದಕ್ಕಿಂತ ಹೆಚ್ಚಾಗಿ, ದೀಪ ಹಚ್ಚಿದ ಮೇಲೆ ಮನೆಯ ಮೊಸರು ಹೊರಗೆ ಹೋಗಬಾರದು ಎಂದು ಎಲ್ಲರ ಅಜ್ಜಿಯೂ ಹೇಳಿ ಕಳಿಸಿದ್ದಳು.

ಹೆಪ್ಪು ಹೋದಲ್ಲೆಲ್ಲ ಊರು ಹುಟ್ಟಿತು. ಮೊದಲು ಮೂಡಲಗೇರಿ. ಅಲ್ಲಿಂದ ಬಟ್ಟಲಲ್ಲಿ ಹೆಪ್ಪು ಒಯ್ದವರು ನಡುಗೇರಿ ಕಟ್ಟಿದರು. ನಡುಗೇರಿಯಿಂದ ಒಯ್ದವರು ತುದಿಗೇರಿ ಕಟ್ಟಿದರು. ಆಗ ಅದೇ ಕೊನೆಯ ಕೇರಿ, ಅದರ ಆಚೆ ಬರೀ ಗಾಳಿ. ಮುಂದೆ ಹೊಸ ನೆಲ ಹುಡುಕಲು ಹೋಗುವವರೆಲ್ಲ ತುದಿಗೇರಿಯಲ್ಲೇ ಇಳಿದು, ಉಂಡು, ಬಂಡಿ ರಿಪೇರಿ ಮಾಡಿಸಿಕೊಂಡು, ತಂಗೆವ್ವನ ಗಡಿಗೆಯಿಂದ ಹೆಪ್ಪು ಪಡೆದು ಹೊರಡಬೇಕು. ಖಾನಾವಳಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಂದವರನ್ನು ಯಾರೂ "ನೀವು ಯಾರ ಪೈಕಿ?" ಎಂದು ಕೇಳುತ್ತಿರಲಿಲ್ಲ, "ನಿನಗೇನ ಕೆಲಸ ಬರ್ತೈತಿ?" ಎಂದಷ್ಟೇ ಕೇಳುತ್ತಿದ್ದರು. ಆಮೇಲೆ ಐಸು ಸಿಕ್ಕಿದ್ದು ಇನ್ನೂ ಮುಂದೆ. ಮಂದಿ ಅಲ್ಲಿಗೆ ಹೋಗಿ ಹೊಸಗೇರಿ ಕಟ್ಟಿದರು. ಅಲ್ಲಿ ಕಡಿದ ಐಸು ಹಳಿ ಬಂಡಿಯಲ್ಲಿ ತುದಿಗೇರಿ ದಾಟಿ, ನಡುಗೇರಿ ದಾಟಿ ಮೂಡಲಗೇರಿಗೆ ಹೋಗಿ ನೀರಾಯಿತು. ಮೂಡಲಗೇರಿಯಲ್ಲಿ ಕಾರಂಜಿ ಬಂತು. ತುದಿಗೇರಿಯ ಖಾನಾವಳಿ ಮುಚ್ಚಿತು. ಹೆಸರು ಮಾತ್ರ ತುದಿಗೇರಿಯೇ ಉಳಿಯಿತು. ತುದಿ ಎಂದೋ ಮುಂದಕ್ಕೆ ಹೋಗಿತ್ತು.

ತುದಿಯಲ್ಲಿ ಇಲ್ಲದ ಮಂದಿಗೆ ಕಟ್ಟಳೆಗಳ ಮೇಲೆ ಪ್ರೀತಿ ಹೆಚ್ಚು. ಮೂಡಲಗೇರಿಯವರು ತುದಿಗೇರಿಯವರನ್ನು ಸೀಮೆಯವರು, ಅಂದರೆ ಗಡಿಯ ಒರಟು ಮಂದಿ, ಎನ್ನುತ್ತಿದ್ದರು. ತುದಿಗೇರಿಯವರಿಗೆ ಅದಕ್ಕೆ ಸಿಟ್ಟು. ಅವರ ಪ್ರಕಾರ ಸೀಮೆ ಎಂದರೆ ಹೊಸಗೇರಿ. ಹೊಸಗೇರಿಯವರನ್ನು ಕೇಳಿದರೆ ಅವರು ಇನ್ನೂ ಮುಂದಿನ ಗುಡ್ಡದ ಕಡೆ ಕೈ ತೋರುತ್ತಿದ್ದರು.

ಹೊನ್ನವ್ವ ಹೊಸಗೇರಿಯ ಮಗಳು. ಮದುವೆಯಾಗಿ ಬರುವಾಗ ಹಳಿ ಬಂಡಿಯಲ್ಲಿ, ಐಸಿನ ಗಡ್ಡೆಗಳ ಮೇಲೆ ಕೂತು, ಮಡಿಲಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಬಂದಿದ್ದಳು. ತವರಿನ ಹೆಪ್ಪು. ಹೊಸ ಸೊಸೆ ತವರಿನ ಹೆಪ್ಪನ್ನು ಗಂಡನ ಮನೆಯ ಗಡಿಗೆಗೆ ಸೇರಿಸುವುದು ಕೇರಿಗಳ ಪದ್ಧತಿ. ತಂಗೆವ್ವ ಡಬ್ಬಿ ತೆರೆದು ನೋಡಿದವಳೇ ಮುಖ ಸಿಂಡರಿಸಿದಳು. ಹೊಸಗೇರಿಯ ಹೆಪ್ಪು ಕಪ್ಪಲ್ಲ, ತುಸು ನೇರಳೆ. ಐಸು ಕಡಿಯುವಾಗ ಆಳದ ಉಪ್ಪುನೀರು ಅವರ ಮಣ್ಣಿಗೆ ನುಗ್ಗಿ, ಆ ನೀರಿನಲ್ಲಿ ಎಂದಿನಿಂದಲೋ ಮಲಗಿದ್ದ ಯಾವುದೋ ಜೀವ ಹೆಪ್ಪಿಗೆ ಕೂಡಿಕೊಂಡಿತ್ತು. ಇದು ಯಾರೂ ಇಲ್ಲದ ಸೀಮೆ ಎಂದುಕೊಂಡು ಎಲ್ಲರೂ ಬಂದಿದ್ದರು. ಇದ್ದವರು ಬಹಳ ಸಣ್ಣವರಾಗಿದ್ದರು, ಮಾತಾಡುತ್ತಿರಲಿಲ್ಲ, ಅಷ್ಟೇ.

"ಇದು ಯಾರ ಪೈಕಿ ಹೆಪ್ಪು?" ಎಂದು ಕೇಳಿದ್ದಳು ತಂಗೆವ್ವ. "ಕಲಬೆರಕಿ. ಸೀಮಿ ಹೆಪ್ಪು. ನನ್ನ ಗಡಿಗಿಗಿ ಬ್ಯಾಡ."

ಡಬ್ಬಿ ಹೊರಗಿನ ಗೂಡಿಗೆ ಹೋಯಿತು, ಚಳಿ ನೇರವಾಗಿ ಬಡಿಯುವ ಕಡೆ. ಆದರೆ ಅದೇ ದಿನ ಮಧ್ಯಾಹ್ನ ತಂಗೆವ್ವ ಸೊಸೆಯ ಕಾಲು ನೋಡಿ, ಐಸಿನ ಮೇಲೆ ಕೂತು ಬಂದು ನೀಲಿಗಟ್ಟಿದ ಬೆರಳುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು. "ಸೀಮಿ ಸೊಸಿ, ಬಾಯಾಗ ನಾಲಿಗಿ ಐತಿಲ್ಲೋ? ಕಾಲ ನೋಯಾಕತ್ತೇತಿ ಅಂತ ಹೇಳಾಕ ಬರೂದಿಲ್ಲೇನು?" ಎಂದು ಬೈಯುತ್ತ ಬೈಯುತ್ತ ತಿಕ್ಕಿದಳು. ಹೊನ್ನವ್ವ ಆವತ್ತೇ ಒಂದು ವಿಷಯ ತಿಳಿದುಕೊಂಡಳು. ಈ ಹೆಂಗಸಿನ ಬಾಯಿಯನ್ನು ಕೇಳಬಾರದು, ಕೈಯನ್ನು ನೋಡಬೇಕು.

ಹೊನ್ನವ್ವನಿಗೆ ನೋಡುವುದು ಚೆನ್ನಾಗಿ ಬರುತ್ತಿತ್ತು. ಹೊಸಗೇರಿಯಲ್ಲಿ ಸಣ್ಣವಳಿದ್ದಾಗಲೇ ಶಾಲೆ ಬಿಟ್ಟು ಐಸು ಹೊರಲು ಹೋದವಳು. ಅವಳ ತಾಯಿ ದ್ಯಾಮವ್ವ ಎದ್ದಾಗಿನಿಂದ ಮಲಗುವ ತನಕ ಮಾತಾಡುತ್ತಿದ್ದುದರಿಂದ ಮನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗವೂ ಇರಲಿಲ್ಲ.

ಈ ಸಲದ ಧೂಳುಗಾಳಿ ಎದ್ದು ಬಹಳ ದಿನವಾಗಿತ್ತು. ನಿಲ್ಲುವ ಲಕ್ಷಣವಿರಲಿಲ್ಲ. ಬೆಳಕಿಂಡಿಗಳ ಮೇಲೆ ಕಂದು ಕತ್ತಲು ಕೂತು, ಹಗಲೂ ದೀಪ ಉರಿಸಬೇಕಾಯಿತು. ದೀಪದ ಬೆಳಕು ಮಂದಿಗೆ ಸಾಕು, ಹೆಪ್ಪಿಗೆ ಸಾಲದು. ಮೊದಲು ಮಣ್ಣಿನ ವಾಸನೆ ಹೋಯಿತು. ಆಮೇಲೆ ಅದು ಕೈಗೆ ಪುಡಿಪುಡಿಯಾಗಿ ಹತ್ತತೊಡಗಿತು. ತಂಗೆವ್ವ ಮಾತ್ರ ಪ್ರತಿ ಮುಂಜಾನೆ ಹರಿವಾಣಗಳಿಗೆ ಹೆಪ್ಪು ಹಾಕುತ್ತಲೇ ಇದ್ದಳು, ಸತ್ತ ಮಣ್ಣಿಗೆ ಸತ್ತ ಮಣ್ಣು.

ಆವತ್ತು ಮಧ್ಯಾಹ್ನ ಹೊನ್ನವ್ವ ಗಂಡನಿಗೆ ಬುತ್ತಿ ಕೊಡಲು ನಿಗಾ ಕೋಣೆಗೆ ಹೋದಳು. ಅಡಿವೆಪ್ಪ ಕೇರಿಯ ಗಾಳಿ, ನೀರು, ಬಿಸಿ, ದೀಪ ನೋಡಿಕೊಳ್ಳುವವನು. ಗೋಡೆಯ ತುಂಬ ಮುಳ್ಳುಗಳು ಅಲ್ಲಾಡುವ ಗಡಿಯಾರದಂಥ ಬಿಲ್ಲೆಗಳು. ಹೊಲದ ಮಣ್ಣು ಎಷ್ಟು ಉಸಿರು ಬಿಡುತ್ತಿದೆ ಎಂದು ತೋರಿಸುವ ಮುಳ್ಳು ಎಲ್ಲಕ್ಕಿಂತ ಕೆಳಗೆ ಬಿದ್ದುಕೊಂಡಿತ್ತು. ಅದನ್ನು ಓದಲು ಶಾಲೆ ಬೇಕಿರಲಿಲ್ಲ.

"ಮೂಡಲಗೇರಿ ಕಚೇರಿಯಿಂದ ಹೇಳಿಕಿ ಬಂದೈತಿ," ಎಂದ ಅಡಿವೆಪ್ಪ, ಬುತ್ತಿ ಬಿಚ್ಚದೆ. "ನಾಳೆ ಹೊಸಗೇರಿಯಿಂದ ಐಸಿನ ಬಂಡಿ ಬಿಡ್ತಾರ. ಅದು ಇಲ್ಲಿಗೆ ಬರೂದರಾಗ ನಮ್ಮ ನೆಲಕ್ಕ ಜೀವ ಬರೂ ದಾರಿ ಕಾಣಬೇಕು. ಇಲ್ಲಂದ್ರ ಅದ ಬಂಡ್ಯಾಗ ಎಲ್ಲಾರನ್ನೂ ಹತ್ತಿಸಿ ಕಳಸ್ರಿ ಅಂದಾರ. ಕೇರಿ ಮುಚ್ಚೂದು."

"ಅವರ ಹಂತ್ಯಾಕ ಹೆಪ್ಪು ಇಲ್ಲೇನ್ರಿ?"

"ಅವರದೂ ನಮ್ಮದ ಜಾತಿ ಹೆಪ್ಪು. ಕತ್ತಲಿ ತಾಳೂದಿಲ್ಲ. ತಮಗ ಸಾಕಾಗೂವಷ್ಟು ಹೆಂಗೋ ಉಳಿಸಿ ಇಟಗೊಂಡಾರ." ಅವನು ಹೆಂಡತಿಯ ಮುಖ ನೋಡಿದ. "ಹೊಸಗೇರಿದು ಚಲೋ ಐತಂತ ಹೊನ್ನಿ. ನಿಮ್ಮವ್ವನ ಹೆಪ್ಪಿಗೆ ಈ ಗಾಳಿ ಲೆಕ್ಕಕ್ಕಿಲ್ಲಂತ. ಒಂದು ಗಡಿಗಿ ಬಂಡ್ಯಾಗ ಇಟ್ಟ ಕಳಿಸಿದ್ರ ಕೇರಿ ಉಳೀತೈತಿ. ನಾ ಅವರಿಗಿ ಹೇಳ್ಲೇನು?"

"ಕೇಳೂವರು ಹೆಪ್ಪಿನ ಗಡಿಗಿಯವರ ಆಗಬೇಕಲ್ರಿ."

ಅದು ಅವನಿಗೂ ಗೊತ್ತಿತ್ತು. ತುದಿಗೇರಿಯ ಗಡಿಗೆ ತಂಗೆವ್ವನದು.

ಅಷ್ಟರಲ್ಲಿ ತಂಗೆವ್ವನೇ ಬಂದಳು. ದಿನಾ ಊಟದ ಹೊತ್ತಿಗೆ ನಿಗಾ ಕೋಣೆಯ ವೈರ್‌ಲೆಸ್‌ನಲ್ಲಿ ಬೀಗತಿಯರು ಮಾತಾಡುವುದು ಕೇರಿಗೆಲ್ಲ ಗೊತ್ತಿದ್ದ ಸಂಗತಿ. ಕೆಲವರು ಕೇಳಲೆಂದೇ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಏನ್ರಿ ಬೀಗತೀ, ಉಂಡ್ರ್ಯಾ?" ದ್ಯಾಮವ್ವನ ದನಿ ಕರಕರ ಸದ್ದಿನ ನಡುವೆ ಹಾರಿ ಬಂತು. "ಏನ ಅಡಗಿ?"

"ರೊಟ್ಟಿ, ಪುಂಡಿಪಲ್ಲೆ. ನಿಮ್ಮದೇನು?"

"ನಾವೇನ್ರಿ, ಸೀಮಿ ಮಂದಿ. ಐಸ ಕಡೀತೇವಿ, ಐಸ ತಿಂತೇವಿ."

"ಅದಕ್ಕ ನಿಮ್ಮ ಮಾತ ಅಷ್ಟ ತಣ್ಣಗ ಬಂದು ಎದಿಗಿ ಚುಚ್ತಾವು."

ಬಾಗಿಲಲ್ಲಿದ್ದವರು ನಕ್ಕರು. ದ್ಯಾಮವ್ವ ಇನ್ನೂ ಜೋರಾಗಿ ನಕ್ಕಳು. "ನನ್ನ ಮಗಳ ಹೆಂಗದಾಳ್ರಿ? ಸೊರಗಿಲ್ಲಲ್ಲ?"

"ಸೊರಗೂದೇನ್ರಿ! ನಿಮ್ಮ ಮಗಳ ಬಾಯಿ ಮಾತಾಡಾಕ ತೆರಿಯೂದಿಲ್ಲ, ತಿನ್ನಾಕ ಮುಚ್ಚೂದಿಲ್ಲ."

"ಮಾತೆಲ್ಲಾ ನಾನ ಆಡಿ ಮುಗಿಸಿ ಕಳಿಸೀನ್ರಿ. ಆಕಿಗಿ ಏನೂ ಉಳದಿಲ್ಲ."

ಹೊನ್ನವ್ವ ಬುತ್ತಿಯ ಬಟ್ಟೆ ಮಡಚುತ್ತ ಕೂತಿದ್ದಳು. ಅತ್ತೆಯ ಕೈ ನೋಡುತ್ತಿದ್ದಳು. ಆ ಕೈ ಸೆರಗಿನ ಅಂಚನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು.

"ನೆಲ ಸುದ್ದ ಐತೇನ್ರಿ ನಿಮ್ಮದು?" ಎಂದಳು ದ್ಯಾಮವ್ವ. ಈ ಸಲ ದನಿಯಲ್ಲಿ ನಗುವಿರಲಿಲ್ಲ.

"ಸುದ್ದ ಐತ್ರಿ."

"ನಾಳೆ ಬಂಡಿ ಬಿಡೂವರದೇವಿ. ಇದು ಹೋದ್ರ ಗಾಳಿ ನಿಲ್ಲೂ ತನಕ ಮತ್ತ ಬಂಡಿಲ್ಲ. ಏನರ ಬೇಕಿದ್ರ ಕೇಳ್ರಿ."

ತಂಗೆವ್ವನ ಕೈ ನಿಂತಿತು. ಬಾಗಿಲಲ್ಲಿದ್ದವರು ಒಳಕ್ಕೆ ಬಾಗಿದರು. ತಂಗೆವ್ವ ಮೇಲೆ ನೋಡಿದಳು. ಹಗಲಿನಲ್ಲೂ ಉರಿಯುತ್ತಿದ್ದ ದೀಪ ಅವಳ ಕಣ್ಣಿಗೆ ಬಿತ್ತು.

"ದೀಪ ಹಚ್ಯಾರ್ರಿ ನಮ್ಮಲ್ಲೆ," ಎಂದಳು. "ಹೊತ್ತಲ್ಲದ ಹೊತ್ತು ಕೇಳೂ ಮಂದಿ ಅಲ್ಲ ನಾವು. ಇಡ್ತೀನಿ."

ಅತ್ತೆ ಮುಂದೆ, ಸೊಸೆ ಹಿಂದೆ ಮನೆಗೆ ಬಂದರು. ಮನೆಯಲ್ಲಿ ತಂಗೆವ್ವ ರೊಟ್ಟಿಯ ಹಿಟ್ಟು ನಾದಲು ಕೂತಳು. ಅದೂ ಕೊನೆಯ ಜೋಳದ ಹಿಟ್ಟು. ಸೊಸೆ ನೀರು ಹಾಕುತ್ತಿದ್ದಳು.

"ನೀ ಸುಮ್ಮನ ಕೂತೂ ಮಾತಾಡ್ತೀ," ಎಂದಳು ತಂಗೆವ್ವ ಕೊನೆಗೆ. "ನಿನ್ನ ಕಣ್ಣಾಗ ಕಾಣ್ತೈತಿ. ಹಾದಿಗುಂಟ ಬೆನ್ನಿಗಿ ಚುಚಗೋತ ಬಂದಿ."

"ಇಲ್ರಿ ಅತ್ತಿ."

"ನಾ ಹೊಸಾ ಸೊಸಿ ಇದ್ದೆ. ಈ ಕೇರಿ ಆಗ ನಾಕು ಗುಡಾರ. ನಡುಗೇರಿಯಿಂದ ತಂದ ಹಾಕಿದ ಹೆಪ್ಪು ಕೆಟ್ಟಿತ್ತು, ನಡುಗೇರಿದೂ ಕೆಟ್ಟಿತ್ತು. ನಿಮ್ಮ ಮಾವ, ನಾನು ಬಟ್ಟಲ ಹಿಡಕೊಂಡು ಮೂಡಲಗೇರಿ ತನಕ ಹೋದ್ವಿ. ಬಾಗಿಲದಾಗ ನಿಂತು ಹೆಪ್ಪು ಕೊಡ್ರಿ ಅಂದೆ. ಅವರು ಬಾಯಿ ತೆರದ್ರು. 'ನೀವು ಯಾರ ಪೈಕಿ? ಯಾವ ಸೀಮಿಯವರು?' ಅಂದ್ರು. ಹೇಳಿದೆ. 'ನಾಳೆ ಬಾ' ಅಂದ್ರು. ನಾಳೆ ಹೋದೆ. ಮತ್ತ ನಾಳೆ ಅಂದ್ರು. ಕಡೀಕ ಒಬ್ಬ ಮುದುಕಿ ಹಿತ್ತಲ ಬಾಗಿಲದಿಂದ ಕರದು, ತುಟಿ ಪಿಟ್ಟನ್ನದ, ಬಟ್ಟಲ ತುಂಬ ಕೊಟ್ಲು. ನನ್ನ ಹೊಟ್ಟಿಗಿ ಕಟಗೊಂಡು ತಂದೀನದನ್ನ, ಚಳಿ ಹತ್ತಬಾರ್ದಂತ. ಬಸರಿ ಹೆಂಗಸ್ರ ನಡದಂಗ ನಡದೀನಿ." ಹಿಟ್ಟನ್ನು ಗುದ್ದಿ ಮಗುಚಿದಳು. "ಆವತ್ತ ಆಣಿ ಮಾಡೇನಿ. ಇನ್ನ ಕೊಡೂದ, ಕೇಳೂದಿಲ್ಲ ಅಂತ. ಎಷ್ಟು ಮಂದಿಗಿ ಕೊಟ್ಟೀನಿ! ನಿಮ್ಮವ್ವನೂ ನನ್ನ ಗಡಿಗಿ ಹೆಪ್ಪ ಒಯ್ದು ಹೊಸಗೇರಿ ಕಟ್ಟಿದಾಕಿ. ಒಮ್ಮಿನೂ ಯಾರ ಪೈಕಿ ಅಂತ ಕೇಳಿಲ್ಲ ನಾ."

ಹೊನ್ನವ್ವ ನೀರಿನ ಚರಿಗೆ ಕೆಳಗಿಟ್ಟಳು. ಹಿಟ್ಟಿನ ಮೇಲಿದ್ದ ಅತ್ತೆಯ ಕೈ ತಾನಾಗಿಯೇ ನಿಂತಿತು. ಸೊಸೆಯ ಡಬ್ಬಿ ತೆರೆದ ದಿನ ಒಮ್ಮೆ ಕೇಳಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ತಂಗೆವ್ವ ಮುಖ ಆಚೆ ತಿರುಗಿಸಿದಳು. ಹೊನ್ನವ್ವ ಎದ್ದು ಹೋಗಿ ಹೊರಗಿನ ಗೂಡಿನ ಕಿಂಡಿ ತೆರೆದು ಡಬ್ಬಿ ತಂದಳು. ಮದುವೆಯಾದಾಗಿನಿಂದ ಕತ್ತಲಲ್ಲಿ, ಕಲ್ಲು ಸೀಳುವ ಚಳಿಯಲ್ಲಿ ಕೂತಿದ್ದ ಡಬ್ಬಿ. ಅದನ್ನು ಒಲೆಯ ಹತ್ತಿರ ಇಟ್ಟು, ಬೆಚ್ಚಗಿನ ನೀರು ಚಿಮುಕಿಸಿ ಮುಚ್ಚಿದಳು. ರೊಟ್ಟಿ ಬಡಿದಾಯಿತು, ಬೇಯಿಸಿದ್ದಾಯಿತು, ಅಡಿವೆಪ್ಪ ಬಂದು ಉಂಡು ಹೋದದ್ದಾಯಿತು. ಆಮೇಲೆ ಹೊನ್ನವ್ವ ಡಬ್ಬಿಯ ಮುಚ್ಚಳ ತೆಗೆದು ಅತ್ತೆಯ ಮುಂದೆ ಇಟ್ಟಳು.

ಸಣ್ಣಗೆ, ಬಹಳ ದೂರದಲ್ಲಿ ಎಲ್ಲೋ ಮಳೆಯಾದ ಹಾಗೆ, ವಾಸನೆ ಬಂತು.

ತಂಗೆವ್ವ ಡಬ್ಬಿ ಮುಟ್ಟಲಿಲ್ಲ. ಮೂಗು ಮಾತ್ರ ಅದರ ಕಡೆಗೆ ಬಾಗಿತು.

"ನೆಗಡಿ ಹೋತೇನ್ರಿ ಅತ್ತಿ?"

ತಂಗೆವ್ವ ಗದರಿಸಲು ಬಾಯಿ ತೆರೆದಳು. ತೆರೆದ ಬಾಯಿಗೆ ನಗು ಬಂತು. ನಗು ಮುಗಿಯುವಷ್ಟರಲ್ಲಿ ಕಣ್ಣು ಒದ್ದೆಯಾಗಿತ್ತು. "ಏನ ಜೀವರಿ ಇದು," ಎಂದಳು,  ಹಿರಿಯರಿಗೆ ಹೇಳುವ ಹಾಗೆ ರೀ ಹಚ್ಚಿ. "ಹೊರಗ ದಬ್ಬಿದ್ರೂ ಸತ್ತಿಲ್ಲ ನೋಡು." ಬೆರಳಿನಿಂದ ತುಸು ತೆಗೆದು ಅಂಗೈಯಲ್ಲಿ ಹರಡಿ ದೀಪಕ್ಕೆ ಹಿಡಿದಳು. "ಇಷ್ಟ ಸಾಲೂದಿಲ್ಲ. ಇದು ಒಂದು ಹರಿವಾಣಕ್ಕಾತು. ಅದು ಬೆಳದು ಕೇರಿ ತುಂಬೂದರಾಗ ನಾವೆಲ್ಲಾ ಮೂಡಲಗೇರಿ ಖೋಲಿಯೊಳಗ ಕೂತಿರ್ತೇವಿ. ಗಡಿಗಿ ಬೇಕು."

"ಅವ್ವನ ಕೂಡ ನಾ ನಸುಕಿನ್ಯಾಗ, ಇವರಿಗೂ ಹೇಳದ, ವೈರ್‌ಲೆಸ್‌ನ್ಯಾಗ ಮಾತಾಡಿದ್ನಿರಿ," ಎಂದಳು ಹೊನ್ನವ್ವ. ಅಷ್ಟು ಉದ್ದ ಮಾತು ಅವಳ ಬಾಯಿಂದ ಬರುವುದೇ ಅಪರೂಪ. ತಂಗೆವ್ವ ತಿರುಗಿ ನೋಡಿದಳು. "ಗಡಿಗಿ ತುಂಬಿ, ಕೌದಿ ಸುತ್ತಿ ಬಾಗಿಲದಾಗ ಇಟ್ಟಾಳಂತ. 'ಕೇಳಿದ್ರ ಆ ಗಳಿಗ್ಗೆ ಬಂಡಿಗಿ ಏರಿಸ್ತೀನಿ. ಕೇಳದ ಕಳಿಸಿದ್ರ ಅದು ಹೆಪ್ಪಲ್ಲ, ಭಿಕ್ಷಾ. ನಮ್ಮ ಬೀಗತಿಗಿ ಭಿಕ್ಷಾ ಕೊಡೂವಷ್ಟು ದೊಡ್ಡಾಕಿ ನಾ ಅಲ್ಲ' ಅಂದ್ಲು."

ತಂಗೆವ್ವ ಅಂಗೈಯಲ್ಲಿದ್ದ ಮಣ್ಣನ್ನು ಒಂದು ಕಣವೂ ಬೀಳದಂತೆ ಡಬ್ಬಿಗೆ ಉದುರಿಸಿದಳು.

"ಕೇಳ್ತೀನಿ," ಎಂದಳು. ಹೊನ್ನವ್ವನ ಮುಖ ಅರಳುವಷ್ಟರಲ್ಲಿ, "ಆದ್ರ ದೀಪ ಆರ್ಲಿ. ದೀಪ ಉರಿಯೂವಾಗ ಕೇಳಿದ್ರ ನಮ್ಮವ್ವನ ಮಾತು ಮೀರಿದಂಗ ಆಕ್ಕೈತಿ. ಗಾಳಿ ನಿಂತು ದೀಪ ಆರಿದ ಮ್ಯಾಲ ನಾನ ಹೋಗಿ ಕೇಳ್ತೀನಿ," ಎಂದಳು.

"ಗಾಳಿ ನಿಲ್ಲೂದರಾಗ ಬಂಡಿ…"

"ನಾ ಏನ ಮಾಡ್ಲವಾ? ದೀಪ ಹಚ್ಚಿದವರು ನಾವೇನು?"

ಇದು ನೆವ ಎಂದು ಹೊನ್ನವ್ವನಿಗೆ ಗೊತ್ತಿತ್ತು. ನೆವ ಎಂದು ತಂಗೆವ್ವನಿಗೂ ಗೊತ್ತಿತ್ತು. ಆದರೆ ಪೂರ್ತಿ ನೆವವೂ ಅಲ್ಲ. ಊರು ಬಿಟ್ಟು, ಭೂಮಿಯನ್ನೇ ಬಿಟ್ಟು ಬಂದವಳಿಗೆ ತಾಯಿಯಿಂದ ಉಳಿದದ್ದು ಇಂಥ ಎರಡು ಮಾತುಗಳಷ್ಟೇ. ಅವನ್ನೂ ಮುರಿದು ಕೈ ಚಾಚು ಎಂದು ಹೇಗೆ ಹೇಳುವುದು?

ಮರುದಿನ ಊಟದ ಹೊತ್ತಿಗೆ ಮುಂಚೆಯೇ ಹೊನ್ನವ್ವ ನಿಗಾ ಕೋಣೆಗೆ ಹೋದಳು. ಅಡಿವೆಪ್ಪ ಬಾಗಿಲಿಗೆ ಬೆನ್ನು ಮಾಡಿ, ಬಂಡಿ ಹತ್ತಬೇಕಾದವರಿಗೆ ಕಂಬಳಿ ಸಾಲುವುದೋ ಇಲ್ಲವೋ ಎಂದು ನೋಡುತ್ತಿದ್ದ.

"ರೀ. ಕೇರಿ ದೀಪ ಎಲ್ಲಾ ಒಮ್ಮೆಗಿ ಆರಸಾಕ ಬರ್ತೈತೇನ್ರಿ?"

"ಯಾಕ?"

ಹೇಳಿದಳು. ಅಡಿವೆಪ್ಪ ಕಂಬಳಿ ಕೈಯಲ್ಲೇ ಹಿಡಿದು ಅವಳನ್ನು ನೋಡಿದ. "ಮಂದಿ ಅಂಜ್ತಾರ."

"ಒಂದೀಟ ಹೊತ್ತು. ಗಾಳಿ ಯಂತ್ರ ನಡೀಲಿ. ದೀಪ ಅಷ್ಟ."

"ದೀಪ ಆರಿಸಿದ್ರ ಮೂಡಲಗೇರಿಗಿ ಕಾರಣ ಹೇಳಬೇಕು ಹೊನ್ನಿ. ಏನಂತ ಹೇಳ್ಲಿ?"

"ಬೆಳಗಾತು ಅಂತ ಹೇಳ್ರಿ."

ತಂಗೆವ್ವ ಬಂದಾಗ ಅವಳ ಸೆರಗಿನ ಕೆಳಗೆ ಏನೋ ಇತ್ತು. ಹೊನ್ನವ್ವ ನೋಡಿದಳು, ಬೇರೆ ಯಾರೂ ನೋಡಲಿಲ್ಲ. ಮನೆಯ ಹಳೆಯ ಕಂಚಿನ ಬಟ್ಟಲು. ವೈರ್‌ಲೆಸ್‌ನಲ್ಲಿ ಬಟ್ಟಲು ಏನು ಮಾಡೀತು? ಆದರೂ ಬರಿಗೈಯಲ್ಲಿ ಹೆಪ್ಪು ಕೇಳಲು ಯಾರೂ ಹೋಗುವುದಿಲ್ಲ. ಹಾಗಾದರೆ ಅತ್ತೆ ಕೇಳಬೇಕೆಂದೇ ಬಂದಿದ್ದಾಳೆ. ದಾರಿಯಲ್ಲಿ ಪ್ರತಿ ದೀಪದ ಕೆಳಗೂ ನಿಂತು, ಕೇಳಬಾರದೆಂದು ಮತ್ತೆ ಮತ್ತೆ ಅಂದುಕೊಂಡಿರುತ್ತಾಳೆ. ಹೊನ್ನವ್ವ ಗಂಡನಿಗೆ ಕಣ್ಣು ತೋರಿದಳು.

ಆ ಕಡೆಯಿಂದ ದ್ಯಾಮವ್ವ ಆಗಲೇ ಶುರು ಮಾಡಿದ್ದಳು. "ಏನ್ರಿ ಬೀಗತೀ, ಉಂಡ್ರ್ಯಾ? ನಮ್ಮಲ್ಲಿ ಬಂಡಿಗಿ ಐಸ ಹೇರೂದು ಮುಗೀತ್ರಿ. ಆ ಬಂಡಿಯವನಿಗಿ ಬುದ್ಧಿಲ್ಲ, ಆಗಿಂದ ಹೊಂಡ್ತೀನಿ ಹೊಂಡ್ತೀನಿ ಅಂತ ಕುಣ್ಯಾಕತ್ತಾನ. ನಿಂದ್ರೋ, ನಮ್ಮ ಬೀಗತಿ ಕೂಡ ಮಾತಾಡೂದೈತಿ ಅಂದ್ನಿ. ಏನ ಮಾತು ಅಂತ ಕೇಳ್ತಾನ! ಹೆಂಗಸ್ರ ಮಾತ ನಿನಗ್ಯಾಕೋ ಅಂದ್ನಿ…"

ದೀಪಗಳು ಆರಿದವು.

ಕೇರಿಯ ಈ ತುದಿಯಿಂದ ಆ ತುದಿಯ ತನಕ ಕತ್ತಲು. ಬೆಳಕಿಂಡಿಯಿಂದ ಕಂದು ಬಣ್ಣದ ಮಸುಕು ಮಾತ್ರ ಇಳಿದು ಬಂತು, ಮೋಡ ಕವಿದ ಮುಂಜಾನೆಯ ಹಾಗೆ. ದೂರದಲ್ಲಿ ಯಾರೋ "ಯಾವನಲೇ ಅವಾ ದೀಪ ತಗದಾವಾ!" ಎಂದು ಕೂಗಿದರು. ಗಾಳಿ ಯಂತ್ರದ ಗುಂಯ್ ಸದ್ದು ನಡೆದೇ ಇತ್ತು.

"ಅತ್ತಿ," ಎಂದಳು ಹೊನ್ನವ್ವ. "ದೀಪ ಆರ್ಯಾವ್ರಿ."

 ಕತ್ತಲಲ್ಲೇ ತಂಗೆವ್ವನ ಕೈ ಬಂದು ಸೊಸೆಯ ಕಿವಿ ಹುಡುಕಿ, ನೋಯದ ಹಾಗೆ ಹಿಂಡಿತು. "ಸೀಮಿ ಸೊಸಿ," ಎಂದಳು ಪಿಸುದನಿಯಲ್ಲಿ. ಕಿವಿ ಬಿಟ್ಟ ಕೈ ಸೊಸೆಯ ಕೈಯನ್ನು ಹಿಡಿದುಕೊಂಡಿತು, ಬಿಡಲಿಲ್ಲ.

"…ಅವಗ ನಾನಂದ್ನಿ, ನೋಡಪಾ, ನಮ್ಮ ಬೀಗತಿ ಅಂದ್ರ ಏನಂತ ತಿಳದೀ, ಹೊಟ್ಟಿಗಿ ಹೆಪ್ಪು ಕಟಗೊಂಡು ನಡದ ಬಂದ ಹೆಣಮಗಳು…"

"ಬೀಗತೀ."

"…ಆಕಿ ಕೊಟ್ಟ ಹೆಪ್ಪಿನ ಮ್ಯಾಲ ನಿನ್ನ ಬಂಡಿ ನಿಂತೈತಿ ಅಂದ್ನಿ…"

"ಬೀಗತೀ, ಒಂದೀಟ ಸುಮ್ನಿರ್ರಿ."

ದ್ಯಾಮವ್ವನ ಮಾತು ನಿಂತಿತು. ಕರಕರ ಸದ್ದು ಉಳಿಯಿತು.

ತಂಗೆವ್ವ ಸೆರಗಿನ ಕೆಳಗಿನಿಂದ ಬಟ್ಟಲು ತೆಗೆದಳು. ಮಸುಕಿನಲ್ಲಿ ಅದರ ಅಂಚು ತುಸುವೇ ಹೊಳೆಯಿತು. ಅದನ್ನು ವೈರ್‌ಲೆಸ್ ಪೆಟ್ಟಿಗೆಯ ಮುಂದೆ, ಹೆಪ್ಪು ಕೇಳಲು ಬಾಗಿಲಲ್ಲಿ ನಿಂತವರು ಹಿಡಿಯುವ ಹಾಗೆ, ಒಂದು ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದಳು. ಇನ್ನೊಂದು ಕೈ ಇನ್ನೂ ಹೊನ್ನವ್ವನ ಕೈಯೊಳಗಿತ್ತು.

"ನಮ್ಮ ಗಡಿಗಿ ಬರಿದಾಗೇತ್ರಿ," ಎಂದಳು. "ಒಂಚೂರು ಹೆಪ್ಪು ಕೊಡ್ರಿ."

ಆ ಕಡೆ ಯಾರೋ ಎದ್ದ ಸಪ್ಪಳ ಕೇಳಿಸಿತು. ಯಾರೂ ಮಾತಾಡಲಿಲ್ಲ.